ಸೇವಾ ಪ್ರವಾಸದ ಗಿರಾಕಿ ಯಾರು?

ರಜೆ ಹತ್ತಿರ ಬಂತೆಂದರೆ ಎರಡು ಬಗೆಯ ಸುದ್ದಿ ಅಕ್ಕಪಕ್ಕದಲ್ಲೇ ಕಾಣಿಸಿಕೊಳ್ಳುತ್ತದೆ. ಮೊದಲನೆಯದು ಹೀಗಿರುತ್ತದೆ: ಕಾಲೇಜು ವಿದ್ಯಾರ್ಥಿಗಳ ತಂಡವೊಂದು ದೂರದ ಬಡ ದೇಶಕ್ಕೆ ಎರಡು ವಾರದ ಸೇವೆಗೆ ಹೊರಟಿದೆ. ಅಲ್ಲಿ ಶಾಲೆಯ ಗೋಡೆ ಕಟ್ಟುತ್ತದೆ, ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತದೆ. ಖರ್ಚಿಗೆ ವಂತಿಗೆ ಎತ್ತುತ್ತಿದೆ, ಪ್ರಾಂಶುಪಾಲರು ಹರಸಿ ಕಳಿಸಿದ್ದಾರೆ. ಎರಡನೆಯದು ಇದಕ್ಕೆ ನೇರ ಉಲ್ಟಾ. ಸರ್ಕಾರಗಳೇ ತಮ್ಮ ಯುವಜನರಿಗೆ, ಹೊರದೇಶದ ಅನಾಥಾಶ್ರಮಗಳಿಗೆ ಸೇವೆ ಮಾಡಲು ಹೋಗಬೇಡಿ ಎಂದು ಎಚ್ಚರಿಸುತ್ತಿವೆ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾನೂನು ತಂದಾಗ, ಅನಾಥಾಶ್ರಮ ತುಂಬಿಸಲೆಂದು ಮಕ್ಕಳನ್ನು ಸಾಗಿಸುವುದನ್ನೂ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮಕ್ಕಳ ಹಕ್ಕುಗಳ ಕುರಿತ ನಿರ್ಣಯದಲ್ಲಿ ಅನಾಥಾಶ್ರಮಗಳ ಸ್ವಯಂಸೇವೆಯಿಂದ ಆಗುವ ಹಾನಿಯನ್ನು ಹೆಸರಿಸಿಯೇ ಹೇಳಿತು.

ಓದುಗರಿಗೆ ಗೊಂದಲವಾಗುವುದು ಸಹಜ. ಕೈಯಿಂದ ಹಣ ಹಾಕಿಕೊಂಡು, ರಜೆ ಬಿಟ್ಟುಕೊಟ್ಟು ಪರರ ಕೆಲಸಕ್ಕೆ ಹೊರಟ ಹುಡುಗ ಹುಡುಗಿಯರ ಹೆಸರು ಗುಲಾಮಗಿರಿಯಂಥ ಶಬ್ದದ ಪಕ್ಕ ಯಾಕೆ ಬರಬೇಕು? ಇದಕ್ಕೆ ಉತ್ತರ ಹುಡುಕಿಕೊಂಡು ಹೋದವರು ಸಾಮಾನ್ಯವಾಗಿ ವಿದ್ಯಾರ್ಥಿಗಳ ಮನಸ್ಸನ್ನು ಅಳೆಯಲು ಕೂರುತ್ತಾರೆ. ಒಬ್ಬರು ತ್ಯಾಗ ಅಂತಾರೆ, ಇನ್ನೊಬ್ಬರು ಫೋಟೊ ಶೋಕಿ ಅಂತಾರೆ. ಜಗಳ ಅಲ್ಲೇ ಸುತ್ತುತ್ತದೆ. ಹಣದ ದಾರಿ ಹಿಡಿದು ಹೋದರೆ ವಿಷಯ ಬೇಗ ಬಿಡಿಸಿಕೊಳ್ಳುತ್ತದೆ.

ಕರೆದವರು, ಕಳಿಸಿದವರು

ಹೊರದೇಶಕ್ಕೆ ಹೋಗಿ ಮೈಮುರಿದು ದುಡಿಯುವ ಶಿಬಿರಗಳಿಗೆ ನೂರು ವರ್ಷದ ಇತಿಹಾಸವಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬ ಶಾಂತಿವಾದಿ ಫ್ರಾನ್ಸಿನ ವರ್ಡನ್ ಬಳಿ ಎಸ್ನ್ ಎಂಬ ಹಾಳುಬಿದ್ದ ಹಳ್ಳಿಯಲ್ಲಿ ಒಂದು ಶಿಬಿರ ಹೂಡಿದ. ನಿನ್ನೆಯವರೆಗೆ ಶತ್ರುಗಳಾಗಿದ್ದ ದೇಶಗಳವರು ಒಟ್ಟಿಗೆ ನಿಂತು ಮನೆ ಎಬ್ಬಿಸಬೇಕು ಎಂಬುದು ಅವನ ಆಸೆ. ಕೆಲಸ ನಡೆದದ್ದು ಕೆಲವೇ ತಿಂಗಳು. ತಮ್ಮೂರನ್ನು ನೆಲಸಮ ಮಾಡಿದ ಜರ್ಮನರ ಕಡೆಯವರೇ ಬಂದು ನಿಂತಿದ್ದನ್ನು ಅಲ್ಲಿನ ಹಲವರು ಸಹಿಸಲಿಲ್ಲ. ಸಹಾಯ ಪಡೆಯುವವರನ್ನು ಕೇಳದೆ ಸಹಾಯಕ್ಕೆ ಇಳಿದರೆ ಏನಾಗುತ್ತದೆ ಎಂಬ ಪ್ರಶ್ನೆ, ನೋಡಿ, ಮೊದಲ ಶಿಬಿರದಲ್ಲೇ ಎದ್ದಿತ್ತು.

ಬ್ರಿಟನ್ನಿನಲ್ಲಿ 1958ರಲ್ಲಿ ವಿ.ಎಸ್.ಒ. (ವಾಲಂಟರಿ ಸರ್ವಿಸ್ ಓವರ್‌ಸೀಸ್) ಹುಟ್ಟಿತು. ಆಗಷ್ಟೇ ಶಾಲೆ ಮುಗಿಸಿದ ಹುಡುಗರನ್ನು ಹೊರದೇಶಗಳಿಗೆ ಕಳಿಸುತ್ತಿದ್ದ ಈ ಸಂಸ್ಥೆ ಬರಬರುತ್ತಾ ಕಸುಬು ಬಲ್ಲ ಶಿಕ್ಷಕರು, ದಾದಿಯರು, ಎಂಜಿನಿಯರುಗಳತ್ತ ಹೊರಳಿತು. ಅಮೆರಿಕದ ಅಧ್ಯಕ್ಷ ಕೆನಡಿ 1961ರಲ್ಲಿ ಪೀಸ್ ಕೋರ್ ಎಂಬ ಸರ್ಕಾರಿ ಸ್ವಯಂಸೇವಾ ಯೋಜನೆ ಆರಂಭಿಸಿದರು. ಅದರ ಅವಧಿ 27 ತಿಂಗಳು. ಮೊದಲ ಮೂರು ತಿಂಗಳು ಭಾಷೆ ಮತ್ತು ಕೆಲಸದ ತರಬೇತಿ, ಆಮೇಲೆ ಎರಡು ವರ್ಷ ಒಂದೇ ಊರಿನಲ್ಲಿ ವಾಸ. ಆತಿಥೇಯ ದೇಶ ಆಹ್ವಾನ ಕೊಟ್ಟರೆ ಮಾತ್ರ ಅಲ್ಲಿಗೆ ಪ್ರವೇಶ. ಆ ಯೋಜನೆಯ ಹಿಂದೆ ಶೀತಲ ಸಮರದ ರಾಜಕೀಯ ಇದ್ದದ್ದು ಗುಟ್ಟೇನಲ್ಲ. ಆದರೆ ಅದರ ರಚನೆಯಲ್ಲಿ ಗಮನಿಸಬೇಕಾದ್ದೊಂದಿದೆ. ಹೋಗುವವನು ಹಣ ಕೊಡುವುದಿಲ್ಲ. ಹಾಗಾಗಿ ಅವನಿಗೆ ಹಿಡಿಸುವಂತೆ ಕೆಲಸವನ್ನು ಕತ್ತರಿಸಿ ಹೊಲಿಯಬೇಕಾದ ದರ್ದು ಯಾರಿಗೂ ಇರುವುದಿಲ್ಲ.

ವಿಮಾನ ಪ್ರಯಾಣ ಅಗ್ಗವಾದಂತೆ ಈ ರಚನೆ ತಲೆಕೆಳಗಾಯಿತು. ಎರಡು ವರ್ಷ ಎರಡು ವಾರವಾಯಿತು, ಸರ್ಕಾರದ ಜಾಗಕ್ಕೆ ಏಜೆನ್ಸಿ ಬಂತು, ಸಂಬಳದ ಜಾಗಕ್ಕೆ ಶುಲ್ಕ ಬಂತು. 2008ರ ಒಂದು ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 16 ಲಕ್ಷ ಜನ ಹೀಗೆ ಸೇವಾ ಪ್ರವಾಸ ಹೊರಡುತ್ತಿದ್ದರು. ವಿಶ್ವವಿದ್ಯಾಲಯದ ಪ್ರವೇಶ ಅರ್ಜಿಯಲ್ಲೂ ನೌಕರಿಯ ಅರ್ಜಿಯಲ್ಲೂ 'ವಿದೇಶದಲ್ಲಿ ಸೇವೆ' ಎಂಬ ಒಂದು ಸಾಲಿಗೆ ತೂಕ ಬಂದ ಮೇಲೆ ಬೇಡಿಕೆ ಇನ್ನಷ್ಟು ಬೆಳೆಯಿತು.

ಗೋಡೆಯ ಲೆಕ್ಕ

ಸಾಮಾನ್ಯ ಸೇವಾ ಪ್ರವಾಸವೊಂದನ್ನು ಕಲ್ಪಿಸಿಕೊಳ್ಳೋಣ. 16 ವಿದ್ಯಾರ್ಥಿಗಳು, 14 ದಿನ. ಒಬ್ಬರ ಒಂದು ದಿನದ ದುಡಿಮೆ ಒಂದು ಆಳು ಎಂದು ಕಾಗದದ ಮೇಲೆ ಗುಣಿಸಿದರೆ 224 ಆಳಿನ ಕೆಲಸ. ಈಗ ಕಳೆಯುತ್ತಾ ಹೋಗಿ. ಹೋಗಲು ಬರಲು ನಾಲ್ಕು ದಿನ. ನಿದ್ದೆಗೆಟ್ಟವರು ಸುಧಾರಿಸಿಕೊಂಡು ಊರಿನ ಪರಿಚಯ ಮಾಡಿಕೊಳ್ಳಲು ಒಂದು ದಿನ. ಕಾಡು, ಕಡಲತೀರ, ಸಂತೆ ಎಂದು ಮೂರು ದಿನ. ಕೊನೆಗೆ ಹಾಡು, ಹಾರ, ಭಾಷಣದ ಬೀಳ್ಕೊಡುಗೆಗೆ ಒಂದು ದಿನ. ಉಳಿದದ್ದು ಐದು ದಿನ, ಅಂದರೆ 80 ಆಳು. ನೀರು ಒಗ್ಗದೆ ಇಬ್ಬರು ಮಲಗಿದರೆ 70. ಆ 70 ಆಳೂ ಜೀವಮಾನದಲ್ಲಿ ಕರಣೆ ಹಿಡಿದವರಲ್ಲ.

2014ರಲ್ಲಿ ಅಮೆರಿಕದ ಯುವತಿಯೊಬ್ಬಳು ಬರೆದ ಪ್ರಬಂಧವೊಂದು ಈ ಕಾರಣಕ್ಕೇ ಜಗತ್ತಿನಾದ್ಯಂತ ಹರಿದಾಡಿತು. ಶಾಲಾ ದಿನಗಳಲ್ಲಿ ಸಹಪಾಠಿಗಳೊಂದಿಗೆ ಟಾಂಜಾನಿಯಾಕ್ಕೆ ಹೋಗಿ ಗ್ರಂಥಾಲಯವೊಂದರ ಗೋಡೆ ಕಟ್ಟಿದ ಅನುಭವ ಅದು. ಹುಡುಗಿಯರು ಹಗಲಿಡೀ ಇಟ್ಟಿಗೆ ಜೋಡಿಸುತ್ತಿದ್ದರು. ರಾತ್ರಿ ಊರಿನ ಗಂಡಸರು ಬಂದು ಸೊಟ್ಟಗೋಡೆ ಕೆಡವಿ, ಅದೇ ಇಟ್ಟಿಗೆಗಳನ್ನು ಸರಿಯಾಗಿ ಕೂರಿಸಿ, ಬೆಳಗಾಗುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಮಾಡಿಬಿಡುತ್ತಿದ್ದರು. ಹುಡುಗಿಯರಿಗೆ ಬೇಸರವಾಗಬಾರದಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆ ಗಂಡಸರು ರಾತ್ರಿ ಮಾಡಿದ ಕೆಲಸ ನಿಜವಾಗಿ ಯಾವುದು? ಗೋಡೆಯಂತೂ ಅವರು ಹಗಲಲ್ಲೇ, ಒಂದೇ ಸಲಕ್ಕೆ, ರಸಮಟ್ಟ ಹಿಡಿದು ಎಬ್ಬಿಸಬಲ್ಲವರಾಗಿದ್ದರು. ಕೆಡವಿ ಕಟ್ಟುವ ಈ ಎರಡನೇ ದುಡಿಮೆ ಅತಿಥಿಗಳ ಸಮಾಧಾನಕ್ಕಾಗಿ ನಡೆದದ್ದು. ಹಣ ಬರುವುದು ಅತಿಥಿಗಳ ಜೊತೆಗೆ; ಅವರು ಸಂತೋಷವಾಗಿ ಮರಳಿದರೆ ಮುಂದಿನ ವರ್ಷ ಇನ್ನೊಂದು ತಂಡ ಬರುತ್ತದೆ. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಗಿರಾಕಿ ವಿದ್ಯಾರ್ಥಿ. ಊರಿನವರು ಅವನಿಗೆ ಮಾರುತ್ತಿರುವುದು ನೆರವಾದೆನೆಂಬ ತೃಪ್ತಿಯನ್ನು.

ಗಿರಾಕಿ ಯಾರೆಂದು ಗೊತ್ತಾದ ಮೇಲೆ ಉಳಿದ ವಿಚಿತ್ರಗಳೂ ಅರ್ಥವಾಗತೊಡಗುತ್ತವೆ. ಶೌಚಾಲಯದ ಗುಂಡಿಗಿಂತ ಬಣ್ಣ ಬಳಿದ ಗೋಡೆ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಆದ್ದರಿಂದ ಬಣ್ಣ ಬಳಿಯುವ ಕೆಲಸ ಮುಗಿಯುವುದೇ ಇಲ್ಲ. ಹೊಸ ತಂಡ ಬಂದಾಗಲೆಲ್ಲ ಇಂಗ್ಲಿಷ್ ಪಾಠ ಮತ್ತೆ ಬಣ್ಣಗಳ ಹೆಸರಿನಿಂದಲೇ ಆರಂಭವಾಗುತ್ತದೆ, ಯಾಕೆಂದರೆ ಹಿಂದಿನ ತಂಡ ಎಲ್ಲಿಗೆ ನಿಲ್ಲಿಸಿತ್ತು ಎಂದು ಬರೆದಿಟ್ಟವರಿಲ್ಲ. ಮಕ್ಕಳು ಹದಿನೈದು ದಿನಕ್ಕೊಮ್ಮೆ ಕೆಂಪು, ಹಸಿರು, ನೀಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ.

ಸಂಖ್ಯೆಗಳಲ್ಲಿ ಬೇಕೆಂದರೆ ಹೊಂಡುರಾಸ್ ಕಡೆ ನೋಡಬಹುದು. 1998ರಲ್ಲಿ ಮಿಚ್ ಚಂಡಮಾರುತ ಆ ದೇಶವನ್ನು ನುಚ್ಚುನೂರು ಮಾಡಿದ ಮೇಲೆ ಉತ್ತರ ಅಮೆರಿಕದಿಂದ ತಂಡೋಪತಂಡವಾಗಿ ಸ್ವಯಂಸೇವಕರು ಮನೆ ಕಟ್ಟಲು ಬಂದರು. ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞ ಆಮೇಲೆ ಲೆಕ್ಕ ಹಾಕಿದಾಗ, ಸ್ಥಳೀಯ ಸಂಸ್ಥೆ ಸುಮಾರು 2,000 ಡಾಲರಿಗೆ ಕಟ್ಟುವ ಮನೆಗೆ ಸ್ವಯಂಸೇವಕರ ತಂಡ ತನ್ನ ಪ್ರಯಾಣದ ಖರ್ಚೂ ಸೇರಿ ಸುಮಾರು 30,000 ಡಾಲರ್ ವ್ಯಯಿಸಿತ್ತು. ಮನೆ ಪಡೆದ ಕುಟುಂಬಗಳ ಬದುಕಿನಲ್ಲಿ, ಕಟ್ಟಿದವರು ಹೊರಗಿನವರೋ ಒಳಗಿನವರೋ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಊರಿನ ಗಾರೆಯವನಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಪುಕ್ಕಟೆ ಆಳುಗಳು ಬಂದಷ್ಟು ದಿನ ಅವನಿಗೆ ಕೂಲಿ ಇಲ್ಲ.

ಹಾಗಾದರೆ ಊರಿನವರು ಯಾಕೆ ಬೇಡವೆನ್ನುವುದಿಲ್ಲ? ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡುವುದುಂಟೇ! ಬಣ್ಣ ಬಳಿಯುವವರು ಬೇಡ, ಬಾವಿಗೆ ಪಂಪು ಬೇಕು ಎಂದು ಹೇಳಿದರೆ ಬಣ್ಣವೂ ತಪ್ಪಬಹುದು, ಪಂಪೂ ಬರಲಿಕ್ಕಿಲ್ಲ.

ಅಪ್ಪ ಅಮ್ಮ ಇರುವ ಅನಾಥರು

ಗೋಡೆ ಸೊಟ್ಟಗಾದರೆ ಕೆಡವಬಹುದು. ಇದೇ ಗಿರಾಕಿ ತರ್ಕ ಮಕ್ಕಳ ಪಾಲನೆಗೆ ಕಾಲಿಟ್ಟಾಗ ಆಗುವ ಹಾನಿ ಬೇರೆಯೇ ಮಟ್ಟದ್ದು. ಸರ್ಕಾರಗಳ ಎಚ್ಚರಿಕೆ ಗೋಡೆ ಕಟ್ಟುವವರನ್ನು ಬಿಟ್ಟು ಅನಾಥಾಶ್ರಮಗಳತ್ತಲೇ ಬೆರಳು ತೋರಿಸಲು ಕಾರಣ ಇದು.

ಕಾಂಬೋಡಿಯಾದಲ್ಲಿ 2005ರಿಂದ 2010ರ ಒಳಗೆ ಅನಾಥಾಶ್ರಮಗಳ ಸಂಖ್ಯೆ 154ರಿಂದ 269ಕ್ಕೆ ಏರಿತು. ಆ ವರ್ಷಗಳಲ್ಲಿ ಅಲ್ಲಿ ಯುದ್ಧವಿರಲಿಲ್ಲ, ಬಡತನ ಇಳಿಮುಖವಾಗಿತ್ತು. ಏರುತ್ತಿದ್ದದ್ದು ಪ್ರವಾಸಿಗರ ಸಂಖ್ಯೆ. ಆಶ್ರಮಗಳಲ್ಲಿದ್ದ ಪ್ರತಿ ನಾಲ್ವರು ಮಕ್ಕಳಲ್ಲಿ ಸುಮಾರು ಮೂವರಿಗೆ ಅಪ್ಪನೋ ಅಮ್ಮನೋ ಒಬ್ಬರಾದರೂ ಬದುಕಿದ್ದರು. ನೇಪಾಳದ್ದೂ ಹೆಚ್ಚುಕಡಿಮೆ ಇದೇ ಕತೆ: ಮಕ್ಕಳ ಆಶ್ರಮಗಳು ಗುಂಪುಗೂಡಿರುವುದು ಕಡುಬಡತನದ ದೂರದ ಬೆಟ್ಟಗಳಲ್ಲಲ್ಲ, ಕಠ್ಮಂಡು ಕಣಿವೆ, ಪೋಖರಾ, ಚಿತ್ವನ್‌ನಂಥ ಪ್ರವಾಸಿಗರು ಸುತ್ತುವ ಕಡೆಗಳಲ್ಲಿ.

ಸರಪಳಿ ಹೀಗೆ ಬೆಳೆಯುತ್ತದೆ. ಅನಾಥ ಮಕ್ಕಳ ಜೊತೆ ಕೆಲವು ದಿನ ಕಳೆಯಲು ಹಣ ಕೊಡುವವರು ಸಿಗುತ್ತಾರೆ. ಹಣ ಬರಬೇಕಾದರೆ ಮಕ್ಕಳಿರಬೇಕು. ಆಗ ದಲ್ಲಾಳಿ ಹಳ್ಳಿಗೆ ಹೋಗಿ, ನಿಮ್ಮ ಮಗನನ್ನು ಪಟ್ಟಣದಲ್ಲಿ ಓದಿಸುತ್ತೇವೆ, ಊಟ ವಸತಿ ನಮ್ಮದೇ ಎನ್ನುತ್ತಾನೆ. ಬಡ ತಾಯ್ತಂದೆಗಳಿಗೆ ಅದು ಹಾಸ್ಟೆಲಿನಂತೆ ಕೇಳಿಸುತ್ತದೆ. ಕೆಲವರು ಸಾಲ ಮಾಡಿ ದಲ್ಲಾಳಿಗೇ ಹಣ ಕೊಡುವುದೂ ಉಂಟು. ಪಟ್ಟಣಕ್ಕೆ ಬಂದ ಮೇಲೆ ಮಗು ಕಾಗದದಲ್ಲಿ ಅನಾಥವಾಗುತ್ತದೆ. ತುಂಬ ಚೆನ್ನಾಗಿ ಸಾಕಿದರೆ ದಾನಿಗಳ ಕರುಳು ಕರಗುವುದಿಲ್ಲವಾದ್ದರಿಂದ, ಕೆಟ್ಟ ಆಶ್ರಮಗಳಲ್ಲಿ ಮಕ್ಕಳನ್ನು ಬೇಕೆಂದೇ ಬಡಕಲಾಗಿ, ಕೊಳಕಾಗಿ ಇಡುವುದೂ ಬೆಳಕಿಗೆ ಬಂದಿದೆ. ಎಲ್ಲ ಆಶ್ರಮಗಳೂ ಹೀಗಲ್ಲ. ಆದರೆ ಎರಡು ವಾರಕ್ಕೆಂದು ಬಂದ, ಅಲ್ಲಿನ ಭಾಷೆ ತಿಳಿಯದ ಇಪ್ಪತ್ತರ ಹುಡುಗನಿಗೆ ಯಾವುದು ಯಾವುದೆಂದು ಗುರುತಿಸಲು ಸಾಧ್ಯವಿಲ್ಲ. ಮಗುವಿಗೆ ಕೇಳಿದರೆ ಅದು ಕಲಿಸಿಕೊಟ್ಟ ಉತ್ತರವನ್ನೇ ಹೇಳುತ್ತದೆ.

ಇನ್ನು ಅಪ್ಪುಗೆಯ ವಿಷಯ. ಆಶ್ರಮದ ಗೇಟು ದಾಟುತ್ತಿದ್ದಂತೆ ಮಕ್ಕಳು ಓಡಿಬಂದು ಕಾಲು ತಬ್ಬಿಕೊಂಡರು, ತೊಡೆ ಏರಿ ಕೂತರು, ಹೊರಡುವಾಗ ಅತ್ತರು. ಮರಳಿ ಬಂದ ಪ್ರತಿ ತಂಡವೂ ಇದನ್ನೇ ಮೊದಲು ಹೇಳುವುದು. ಪ್ರೀತಿಗೆ ಇದಕ್ಕಿಂತ ಸಾಕ್ಷಿ ಬೇಕೇ ಎಂಬುದು ಅವರ ಭಾವ. ಮಕ್ಕಳ ಮನೋವೈದ್ಯರು ಅದೇ ದೃಶ್ಯ ಕಂಡು ಗಾಬರಿಯಾಗುತ್ತಾರೆ. ಮನೆಯಲ್ಲಿ ಬೆಳೆದ ಮೂರು ವರ್ಷದ ಮಗು ಅಪರಿಚಿತರು ಬಂದರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ, ಇಣುಕುತ್ತದೆ, ಎಷ್ಟೋ ಹೊತ್ತಿನ ಮೇಲೆ ಹತ್ತಿರ ಬರುತ್ತದೆ. ಕಂಡಕಂಡವರನ್ನು ತಬ್ಬುವ ಮಗು, ತನ್ನವರು ಯಾರೆಂಬ ಎಣಿಕೆಯನ್ನೇ ಕಳೆದುಕೊಂಡಿರಬಹುದು. ಅಮೆರಿಕದ ಮನೋವೈದ್ಯರ ರೋಗಪಟ್ಟಿಯ 2013ರ ಆವೃತ್ತಿ ಇಂಥ ನಡವಳಿಕೆಗೆ ಪ್ರತ್ಯೇಕ ಹೆಸರನ್ನೇ ಕೊಟ್ಟಿದೆ. ರೊಮೇನಿಯಾದ ಬುಖಾರೆಸ್ಟಿನಲ್ಲಿ 2000ದ ಸುಮಾರಿಗೆ ಶುರುವಾದ ಅಧ್ಯಯನವೊಂದು 136 ಆಶ್ರಮವಾಸಿ ಶಿಶುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಸಾಕು ಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿಮತ್ತೆಯೂ ಬಾಂಧವ್ಯವೂ ಆಶ್ರಮದಲ್ಲೇ ಉಳಿದವರಿಗಿಂತ ಸುಧಾರಿಸಿತು. ಎಷ್ಟು ಎಳವೆಯಲ್ಲಿ ಕುಟುಂಬ ಸೇರಿದರೋ ಅಷ್ಟು ಒಳ್ಳೆಯದಾಯಿತು. ಒಂದೇ ಮುಖವನ್ನು ದಿನವೂ ನೋಡುವುದು ಎಳೆಯ ಮಗುವಿಗೆ ಆಹಾರದಷ್ಟೇ ಮುಖ್ಯ. ಹದಿನೈದು ದಿನಕ್ಕೊಮ್ಮೆ ಮುಖಗಳನ್ನು ಬದಲಿಸುವ ವ್ಯವಸ್ಥೆ ಅದನ್ನೇ ಕಸಿದುಕೊಳ್ಳುತ್ತದೆ. ಬಂದವರು ಒಳ್ಳೆಯವರಾದಷ್ಟೂ, ಮಗು ಹಚ್ಚಿಕೊಂಡಷ್ಟೂ, ಬಿಟ್ಟುಹೋಗುವ ಪೆಟ್ಟು ದೊಡ್ಡದು.

ಬಿಳಿ ಕೋಟು ತೊಟ್ಟ ಪ್ರಶ್ನೆ

ವೈದ್ಯಕೀಯ ಓದುವ, ಅಥವಾ ಇನ್ನೂ ಓದಲು ಸೇರಬೇಕಾದ ವಿದ್ಯಾರ್ಥಿಗಳ ತಂಡಗಳದ್ದು ಬೇರೆ ತಾಪತ್ರಯ. ತಮ್ಮ ದೇಶದಲ್ಲಿ ಸೂಜಿ ಮುಟ್ಟಲೂ ಅನುಮತಿ ಇಲ್ಲದವರು ಹೊರದೇಶದ ಆರೋಗ್ಯ ಶಿಬಿರದಲ್ಲಿ ಗಾಯಕ್ಕೆ ಹೊಲಿಗೆ ಹಾಕುವುದು, ಹೆರಿಗೆಗೆ ಕೈಹಾಕುವುದು ನಡೆದಿದೆ. ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟ 2011ರಲ್ಲಿ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಅದರ ಸಾರ ಸರಳ: ಪ್ರವೇಶಕ್ಕೆ ಮುನ್ನ ಹೊರದೇಶಕ್ಕೆ ಹೋದ ವಿದ್ಯಾರ್ಥಿ ನೋಡಿ ಕಲಿಯಬೇಕು, ತರಬೇತಿ ಇಲ್ಲದ ಕೆಲಸಕ್ಕೆ ಕೈಹಾಕಿದರೆ ಪ್ರವೇಶದ ಅರ್ಜಿಗೆ ಅದೇ ಮುಳುವಾಗಬಹುದು. ಗಿರಾಕಿಯ ಬೇಡಿಕೆಯನ್ನೇ ಮುಟ್ಟಿದ ಈ ಕೊನೆಯ ಮಾತು ಹತ್ತು ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡುವಂಥದ್ದು.

ಪರವಾಗಿ ಹೇಳುವವರ ಮಾತೂ ಹಗುರವಲ್ಲ

ಟಿಕೆಟ್ಟಿನ ಹಣವನ್ನೇ ನೇರ ಆ ಊರಿಗೆ ಕಳಿಸಿ ಎಂಬುದು ಟೀಕಾಕಾರರ ಜನಪ್ರಿಯ ಸಲಹೆ. ಕೇಳಲು ಚೆನ್ನಾಗಿದೆ, ಆದರೆ ಆ ಹಣ ಹುಟ್ಟುವುದೇ ಪ್ರವಾಸದ ನೆಪದಲ್ಲಿ. ಮಗಳು ಹೋಗುತ್ತಾಳೆಂದು ವಂತಿಗೆ ಕೊಡುವ ಬಂಧುಗಳು, ಹೋಗುವುದಿಲ್ಲ, ಹಣ ಮಾತ್ರ ಕಳಿಸುತ್ತಾಳೆ ಎಂದರೆ ಅಷ್ಟೇ ಕೊಡುವರೇ? ಊರಿನಲ್ಲಿ ಅತಿಥಿಗಳನ್ನು ಮನೆಯಲ್ಲಿಟ್ಟುಕೊಳ್ಳುವ ಕುಟುಂಬ, ಅಡುಗೆಯವಳು, ವ್ಯಾನಿನ ಚಾಲಕ ಇವರ ಸಂಪಾದನೆ ನಿಜವಾದದ್ದು. ಹೋಗಿಬಂದ ಹುಡುಗರಲ್ಲಿ ಕೆಲವರು ಮುಂದೆ ಅದೇ ಕ್ಷೇತ್ರದಲ್ಲಿ ಬದುಕು ಸವೆಸುತ್ತಾರೆ, ಆ ಬೀಜ ಬಿತ್ತಿದ್ದು ಎರಡು ವಾರದ ಪ್ರವಾಸವೇ ಎಂಬ ವಾದವೂ ಇದೆ. ಇದಕ್ಕೆ ಸಿಗುವ ಆಧಾರ ಮಾತ್ರ ಅಷ್ಟು ಗಟ್ಟಿಯಲ್ಲ. ಹೊಂಡುರಾಸಿನ ಅಧ್ಯಯನದಲ್ಲಿ, ಬದುಕೇ ಬದಲಾಯಿತು ಎಂದವರ ಆಮೇಲಿನ ದೇಣಿಗೆಯಲ್ಲಿ ಅಂಥ ದೊಡ್ಡ ಬದಲಾವಣೆ ಕಾಣಲಿಲ್ಲ.

ಇವಾನ್ ಇಲಿಚ್ ಎಂಬ ಚಿಂತಕ 1968ರಲ್ಲಿ, ಬೇಸಿಗೆಯ ಸೇವೆಗೆಂದು ಮೆಕ್ಸಿಕೋಗೆ ಹೊರಡುವ ಅಮೆರಿಕದ ವಿದ್ಯಾರ್ಥಿಗಳೆದುರೇ ನಿಂತು ನಿಷ್ಠುರವಾಗಿ ಮಾತಾಡಿದ್ದ. ಬನ್ನಿ, ನೋಡಿ, ಬೆಟ್ಟ ಹತ್ತಿ, ಓದಿ. ಸಹಾಯ ಮಾಡುತ್ತೇವೆಂದು ಮಾತ್ರ ಬರಬೇಡಿ ಎಂಬುದು ಅವನ ಮಾತಿನ ತಿರುಳು. ಅರ್ಧ ಶತಮಾನ ಕಳೆದ ಮೇಲೆ, ಈ ಕ್ಷೇತ್ರದೊಳಗಿಂದಲೇ ಬಂದ ಸುಧಾರಣೆಯ ಪ್ರಯತ್ನಗಳು ಸುತ್ತಿ ಬಳಸಿ ಅಲ್ಲಿಗೇ ಬಂದು ನಿಂತಿವೆ. ಹೋಗುವವನು ಕಲಿಯಲು ಹೋಗಲಿ, ಕಲಿಸುವ ಊರಿಗೆ ಶುಲ್ಕ ಸಲ್ಲಲಿ ಎಂಬುದು ಅವುಗಳ ಸೂತ್ರ. ಇದರಲ್ಲಿ ಕನಿಷ್ಠ ಒಂದು ಪ್ರಾಮಾಣಿಕತೆಯಿದೆ. ವಿದ್ಯಾರ್ಥಿಯೇ ಗಿರಾಕಿ ಎಂಬುದನ್ನು ಒಪ್ಪಿಕೊಂಡು ವ್ಯಾಪಾರ ಶುರುವಾಗುತ್ತದೆ, ಗೋಡೆಯನ್ನು ರಾತ್ರಿ ಕೆಡವಬೇಕಾಗಿಲ್ಲ.

ಬಾಗಿಲು ಮುಚ್ಚಿದರೆ ಏನಾಗುತ್ತದೆ

ನಿಷೇಧ ಒಂದೇ ದಾರಿ ಎನ್ನುವವರು 2020ನ್ನು ನೆನೆಯಬೇಕು. ಕೋವಿಡ್ ಬಂದು ವಿಮಾನಗಳು ನಿಂತಾಗ ಸ್ವಯಂಸೇವಕರ ಹೊಳೆ ಕೆಲವೇ ವಾರಗಳಲ್ಲಿ ಬತ್ತಿತು. ಅವರ ಹಣದಿಂದ ನಡೆಯುತ್ತಿದ್ದ ಆಶ್ರಮಗಳು ಕಂಗೆಟ್ಟವು. ಕೀನ್ಯಾವೂ ಸೇರಿ ಹಲವು ಕಡೆ ಆಶ್ರಮದ ಮಕ್ಕಳನ್ನು ಅವಸರವಸರವಾಗಿ ಮನೆಗೆ ಕಳಿಸಲಾಯಿತು. ಕಳಿಸಲು ಮನೆ ಇತ್ತು ಎಂಬುದೇ, ಅವರು ಅನಾಥರಲ್ಲವೆಂಬುದಕ್ಕೆ ಸಾಕ್ಷಿಯಾಯಿತು. ಆದರೆ ಯಾವ ಬಡತನ ಅವರನ್ನು ಮನೆಯಿಂದ ಹೊರಡಿಸಿತ್ತೋ ಅದು ಹಾಗೇ ಕೂತಿತ್ತು, ಮೇಲೆ ಕೂಲಿಯೂ ನಿಂತಿತ್ತು. ಮಗುವನ್ನು ಮನೆಗೆ ಮರಳಿಸುವುದೆಂದರೆ ಬಸ್ಸು ಹತ್ತಿಸುವುದಲ್ಲ. ಆ ಮನೆಗೆ ನೆರವು, ಹತ್ತಿರದ ಶಾಲೆಯಲ್ಲಿ ಜಾಗ, ತಿಂಗಳಿಗೊಮ್ಮೆ ಹೋಗಿ ವಿಚಾರಿಸುವ ಒಬ್ಬ ಕಾರ್ಯಕರ್ತ, ಇಷ್ಟಾದರೂ ಬೇಕು. ಇವಕ್ಕೆ ಹಣ ಬೇಕು, ಮತ್ತು ಇವು ಯಾವುವೂ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ.

ಕಾನೂನಿನ ತೊಡಕು ವಿದ್ಯಾರ್ಥಿಗಳನ್ನೂ ಬಿಡುವುದಿಲ್ಲ. ನೇಪಾಳದಲ್ಲಿ ಪ್ರವಾಸಿ ವೀಸಾ ಹಿಡಿದು ಸಂಬಳವಿಲ್ಲದ ಸೇವೆ ಮಾಡಿದರೂ ಅದು ನಿಯಮದ ಉಲ್ಲಂಘನೆ. ಏಜೆನ್ಸಿ ಇದನ್ನು ಹೇಳದಿದ್ದರೆ, ಸಿಕ್ಕಿಬೀಳುವವನು ಪಾಸ್‌ಪೋರ್ಟಿನಲ್ಲಿ ಹೆಸರಿರುವವನೇ.

ವಿಶ್ವವಿದ್ಯಾಲಯಗಳ ಕೈಯಲ್ಲಿ ಇರುವ ಕೀಲಿ ದೊಡ್ಡದು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ 2016ರಲ್ಲಿ ಅನಾಥಾಶ್ರಮ ಸೇವೆಯ ಜಾಹೀರಾತುಗಳಿಗೆ ತನ್ನಲ್ಲಿ ಜಾಗವಿಲ್ಲ ಎಂದಿತು. ಆಮೇಲೆ ಕೆಲವು ದೊಡ್ಡ ಏಜೆನ್ಸಿಗಳೂ ಅಂಥ ಪ್ರವಾಸ ಕೈಬಿಟ್ಟವು. ಬೇಡಿಕೆ ಇಳಿದರೆ ಪೂರೈಕೆ ತಾನೇ ಇಳಿಯುತ್ತದೆ ಎಂಬ ನಂಬಿಕೆ ಇದರ ಹಿಂದಿದೆ, ಒಂದು ಮಟ್ಟಿಗೆ ಅದು ನಿಜವೂ ಹೌದು.

ಆದರೆ ಮಾರುಕಟ್ಟೆಯ ಬುದ್ಧಿ ಚುರುಕು. ಅನಾಥಾಶ್ರಮ ಎಂಬ ಪದಕ್ಕೆ ಕಳಂಕ ತಗಲಿದ ಮೇಲೆ ಕೆಲವು ಜಾಹೀರಾತುಗಳಲ್ಲಿ ಆ ಪದ ಮಾಯವಾಗಿ 'ಮಕ್ಕಳ ಮನೆ', 'ಆರೈಕೆ ಕೇಂದ್ರ', 'ಶಿಶು ಗ್ರಾಮ' ಎಂದಾಗಿದೆ. ಕೆಳಗಿನ ಫೋಟೊ ಬದಲಾಗಿಲ್ಲ: ನಡುವೆ ಮಂಡಿಯೂರಿ ನಗುತ್ತಿರುವ ಒಬ್ಬ ವಿದ್ಯಾರ್ಥಿನಿ, ಸುತ್ತ ಅವಳ ಕೊರಳಿಗೆ ಜೋತುಬಿದ್ದ ಐದಾರು ಮಕ್ಕಳು. ಅವಳ ಹೆಸರು, ಕಾಲೇಜು, ಅನಿಸಿಕೆ ಎಲ್ಲ ಕೆಳಗೆ ಅಚ್ಚಾಗಿರುತ್ತದೆ. ಮಕ್ಕಳ ಹೆಸರು ಇರುವುದಿಲ್ಲ.